ನಿಮಗಿದು ಗೊತ್ತೆ? ರಕ್ತಕ್ಕಿಳಿದ ಪ್ಲಾಸ್ಟಿಕ್ ರೇಣು
ಪುಣೆಯ ಮುಳಾ-ಮುಠಾ ನದಿಗಳು ನಗರದ ಕಶ್ಮಲವನ್ನು ಹೊತ್ತು ಭೀಮೆಯನ್ನು ಕೂಡಿ, ಆ ಭೀಮೆಯು ವಿಜಯಪುರ, ಕಲಬುರಗಿ, ಯಾದಗಿರಿ ಸೀಮೆಗಳನ್ನು ಹಾದು ಕೃಷ್ಣೆಯಲ್ಲಿ ಲೀನವಾಗುವುದರಿಂದ, ಪುಣೆಯಲ್ಲಿ ಬಿಸುಟ ಪ್ಲಾಸ್ಟಿಕ್ಕು ಬಿಸಿಲಿಗೂ ಪ್ರವಾಹಕ್ಕೂ ಸಿಲುಕಿ ಜರ್ಜರಿತವಾಗಿ 5 ಮಿಲಿಮೀಟರಿಗಿಂತ ಕಿರಿದಾದ ಸೂಕ್ಷ್ಮಕಣಗಳಾದಾಗ, ಕನ್ನಡನಾಡಿನತ್ತಲೂ ಹರಿದುಬರಬಲ್ಲುದು. ನೀರು, ಆಹಾರ, ಉಸಿರುಗಳ ಮೂಲಕ ಇಂತಹ ಕಣಗಳು ದೇಹವನ್ನು ಹೊಗುವುವು. 2022ರಲ್ಲಿ ನೆದರ್ಲೆಂಡಿನ ವಿಜ್ಞಾನಿಗಳು 22 ಮಂದಿಯ ರಕ್ತವನ್ನು ಪರೀಕ್ಷಿಸಲು, 17 ಮಂದಿಯಲ್ಲಿ ಪ್ಲಾಸ್ಟಿಕ್ ಅಂಶವು ಕಂಡುಬಂದಿತು. ಈ ಕಣಗಳು ಉರಿಯೂತವನ್ನು ಕೆರಳಿಸಿ ಜೀವಕೋಶಗಳನ್ನು ಘಾಸಿಗೊಳಿಸಬಲ್ಲವೆಂದು ಪ್ರಯೋಗಶಾಲೆಗಳಲ್ಲಿ ತೋರಿದ್ದರೂ, ಮನುಷ್ಯರ ಅರ್ಬುದರೋಗಕ್ಕೆ ಇವೇ ಕಾರಣವೆಂಬುದು ಇನ್ನೂ ಸಿದ್ಧವಾಗಿಲ್ಲ. ಆದರೆ ಪಿವಿಸಿ ಎಂಬ ಪ್ಲಾಸ್ಟಿಕ್ಕಿನ ಮೂಲದ್ರವ್ಯವಾದ ವಿನೈಲ್ ಕ್ಲೋರೈಡ್ ಅನಿಲವು ಯಕೃತ್ತಿನಲ್ಲಿ ಅರ್ಬುದವನ್ನುಂಟುಮಾಡುವುದೆಂಬ ಸಂಗತಿಯು, ಅಮೆರಿಕದ ಕಾರ್ಖಾನೆಯೊಂದರ ಕಾರ್ಮಿಕರ ಮರಣಗಳಿಂದ 1974ರಲ್ಲಿಯೇ ಲೋಕಕ್ಕೆ ವಿದಿತವಾಯಿತು.