ಎಂ.ಓ.ಟಿ. ಪಾಸಾದ ಮೋಟಾರ್ ಸೈಕಲ್ಲು

ನಮ್ಮ ಸಂಘದ ಹಬ್ಬದೂಟದ ಪಂಕ್ತಿಯಲ್ಲಿ ನನ್ನ ಹಳೆಯ ಮೋಟಾರ್ ಸೈಕಲ್ಲಿನ ಮಾತು ಬಂದಾಗಲೆಲ್ಲ ನಾನು ಒಂದೇ ಉತ್ತರ ಕೊಡುತ್ತಿದ್ದೆ: "ಎಂ.ಓ.ಟಿ. ಪಾಸಾಗಿದೆ ಸ್ವಾಮಿ, ಚಿಂತೆ ಇಲ್ಲ." ಮಗ ಫಸ್ಟ್ ಕ್ಲಾಸಿನಲ್ಲಿ ಪಾಸಾದನೆಂದು ಹೇಳಿಕೊಳ್ಳುವ ತಂದೆಯ ಧಾಟಿ ನನ್ನದು. ಕಳೆದ ಚಳಿಗಾಲದ ಒಂದು ಸಂಜೆಯ ನಂತರ ಆ ಧಾಟಿ ಸ್ವಲ್ಪ ತಗ್ಗಿದೆ. ಹಳೆಯ ಗಾಡಿ ಇಟ್ಟುಕೊಂಡಿರುವ ಸದಸ್ಯರು ನಮ್ಮಲ್ಲಿ ಇನ್ನೂ ಕೆಲವರಿದ್ದಾರೆ. ಅವರಿಗೆ ಉಪಯೋಗವಾದೀತೆಂದು ಇದನ್ನು ಬರೆಯುತ್ತಿದ್ದೇನೆ.

ಗಾಡಿ ತೊಂಬತ್ತರ ದಶಕದ್ದು, 125 ಸಿಸಿ, ಎರಡು ಚಕ್ರಕ್ಕೂ ಡ್ರಮ್ ಬ್ರೇಕು. ಮೈಸೂರಿನಲ್ಲಿ ನಮ್ಮ ತಂದೆಯವರ ಯೆಜ್ಡಿಯ ಪೆಟ್ರೋಲ್ ಟ್ಯಾಂಕಿನ ಮೇಲೆ ಕೂತು ಬೆಳೆದವನಿಗೆ ಹಳೆಯ ಗಾಡಿಯ ಮೋಹ ಬಿಡುವುದಿಲ್ಲ. ಅದೇ ಊರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ಹುಟ್ಟಿದ ಗಾಡಿ ಅದು. ಕಾರ್ಖಾನೆ 1996ರಲ್ಲಿ ಮುಚ್ಚಿತು. ತಂದೆಯವರು ಗಾಡಿಯನ್ನು ಮಾರಲಿಲ್ಲ.

ಆ ಸಂಜೆ ಹ್ಯಾರೋ ಸ್ಟೇಷನ್ನಿನಿಂದ ನನ್ನಾಕೆಯನ್ನು ಕರೆತರಲು ಹೊರಟಿದ್ದೆ. ಮಳೆ ಬಂದು ನಿಂತಿತ್ತು. ಸಿಗ್ನಲ್ ಹತ್ತಿರ ಮುಂದಿನ ಬ್ರೇಕ್ ಹಿಡಿದೆ. ಡ್ರಮ್ಮಿನೊಳಗೆ ಕಲ್ಲು ಸಿಕ್ಕಿದಂತೆ ಗರಗರ ಸದ್ದು. ಚಕ್ರ ಒಂದು ಕ್ಷಣ ಕಚ್ಚಿಕೊಂಡು ಬಿಟ್ಟಿತು. ವೇಗ ಕಡಿಮೆಯಿತ್ತು, ಹಿಂದೆ ವಾಹನ ಇರಲಿಲ್ಲ, ಬೀಳಲಿಲ್ಲ. ತಳ್ಳಿಕೊಂಡು ಮನೆಗೆ ಬಂದೆ. ಆಕೆ ಬಸ್ಸಿನಲ್ಲಿ ಬಂದಳು. ಇನ್ನರ್ಧ ಗಂಟೆ ತಡವಾಗಿದ್ದರೆ ಅವಳೂ ಹಿಂದಿನ ಸೀಟಿನಲ್ಲಿರುತ್ತಿದ್ದಳು ಎಂಬ ಯೋಚನೆ ರಾತ್ರಿಯಿಡೀ ಬಿಡಲಿಲ್ಲ.

ಬೆಳಿಗ್ಗೆ ಚಕ್ರ ಬಿಚ್ಚಿ ನೋಡಿದರೆ ಒಂದು ಬ್ರೇಕ್ ಶೂ ಮೇಲಿನ ಲೈನಿಂಗ್ ಪೂರ್ತಿ ಕಳಚಿ ಡ್ರಮ್ಮಿನೊಳಗೆ ಓಡಾಡುತ್ತಿದೆ! ಎಂ.ಓ.ಟಿ. ಪಾಸಾಗಿ ಆಗ ಸರಿಯಾಗಿ ಏಳು ವಾರ. ಸರ್ಟಿಫಿಕೇಟಿನಲ್ಲಿ ಒಂದು ಸಲಹೆಯ ಸಾಲೂ ಇರಲಿಲ್ಲ.

ಮೊದಲು ಬಂದದ್ದು ಕೋಪ. ಪರೀಕ್ಷೆ ಮಾಡಿದವರನ್ನು ಮನಸ್ಸಿನಲ್ಲೇ ಬೈದೆ. ನಂತರ ಪರೀಕ್ಷಕರ ಕೈಪಿಡಿ ಓದಿದೆ. ಓದಿದ ಮೇಲೆ ಬೈಗುಳ ವಾಪಸು ತೆಗೆದುಕೊಳ್ಳಬೇಕಾಯಿತು. ಎಂ.ಓ.ಟಿ. ಪರೀಕ್ಷೆಯಲ್ಲಿ ಗಾಡಿಯ ಭಾಗಗಳನ್ನು ಬಿಚ್ಚುವಂತಿಲ್ಲ. ಕಣ್ಣಿಗೆ ಕಾಣುವುದು, ಕೈಗೆ ಸಿಗುವುದು, ಯಂತ್ರದ ಮೇಲೆ ಅಳೆಯಲಾಗುವುದು, ಇಷ್ಟೇ ಅದರ ವ್ಯಾಪ್ತಿ. ದೀಪ, ಹಾರ್ನ್, ಟೈರು, ಚೈನು, ಹ್ಯಾಂಡಲಿನ ಬೇರಿಂಗು, ಸಸ್ಪೆನ್ಷನ್ನು, ಬ್ರೇಕು ಇವನ್ನು ನೋಡುತ್ತಾರೆ. ಎಂಜಿನ್, ಕ್ಲಚ್, ಗೇರ್‌ಬಾಕ್ಸುಗಳ ಸ್ಥಿತಿ ಅದರಲ್ಲಿ ಸೇರಿಲ್ಲ. ಮುಚ್ಚಿದ ಡ್ರಮ್ಮಿನೊಳಗೆ ಏನಿದೆಯೆಂದು ಯಾವ ಪರೀಕ್ಷಕನೂ ಹೇಳಲಾರ.

ನನ್ನ ವೃತ್ತಿಯವನಿಗೆ ನಾಚಿಕೆಯಾದದ್ದು ಇಲ್ಲಿ. ಹಿಂದಿನ ಕಾಲದಲ್ಲಿ ಲೈನಿಂಗನ್ನು ಶೂಗೆ ರಿವೆಟ್ ಹೊಡೆದು ಕೂರಿಸುತ್ತಿದ್ದರು. ನಂತರ ಫಿನಾಲಿಕ್ ರಾಳದ ಅಂಟು ಬಂತು. ಹೊಸದಾಗಿದ್ದಾಗ ಬಹಳ ಗಟ್ಟಿ. ಆದರೆ ಶೂ ಅಲ್ಯೂಮಿನಿಯಮ್ಮಿನದು. ಇಲ್ಲಿ ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಚೆಲ್ಲುತ್ತಾರೆ. ಉಪ್ಪುನೀರು ಅಂಚಿನಿಂದ ಒಳಗೆ ಇಳಿಯುತ್ತದೆ, ಅಂಟಿನ ಕೆಳಗೆ ಲೋಹ ಬಿಳಿ ಪುಡಿಯಾಗಿ ಉಬ್ಬುತ್ತದೆ, ಅಂಟು ಹಿಡಿಯಲು ತಳವೇ ಇಲ್ಲದಂತಾಗುತ್ತದೆ. ಗೋಡೆಯ ಸುಣ್ಣ ತೇವಕ್ಕೆ ಉಬ್ಬಿ ಚಕ್ಕೆ ಏಳುವುದನ್ನು ನೋಡಿದ್ದೀರಲ್ಲ, ಹಾಗೆಯೇ. ಲೈನಿಂಗ್ ಇನ್ನೂ ದಪ್ಪವಾಗಿಯೇ ಇತ್ತು. ಹೊರಗಿನ ಸವೆತದ ಬಾಣದ ಗುರುತು "ಚೆನ್ನಾಗಿದೆ" ಎಂದೇ ಹೇಳುತ್ತಿತ್ತು. ಬಾಣ ದಪ್ಪವನ್ನು ತೋರಿಸುತ್ತದೆ, ಅಂಟನ್ನಲ್ಲ.

ಪರೀಕ್ಷೆಯ ದಿನ ಬ್ರೇಕು ಅಂಕಗಳನ್ನೂ ಪಡೆದಿತ್ತು. ಮೋಟಾರ್ ಸೈಕಲ್ಲಿಗೆ ಒಂದು ಬ್ರೇಕು ಶೇಕಡಾ 30, ಇನ್ನೊಂದು ಶೇಕಡಾ 25 ಸಾಮರ್ಥ್ಯ ತೋರಿಸಿದರೆ ಪಾಸು. ಅಂದರೆ ಗಾಡಿಯ ತೂಕದ ಅಷ್ಟು ಭಾಗದ ಬಲ. ನಾನು ಲೆಕ್ಕ ಹಾಕಿ ನೋಡಿದೆ. ಗಂಟೆಗೆ 30 ಮೈಲಿ ವೇಗದಲ್ಲಿ ಶೇಕಡಾ 30ರ ಬ್ರೇಕು ಒಂದನ್ನೇ ಹಿಡಿದರೆ ನಿಲ್ಲಲು ಸುಮಾರು 30 ಮೀಟರ್ ಬೇಕು. ಎರಡನ್ನೂ ಹಿಡಿದರೆ 17 ಮೀಟರ್. ಹೈವೇ ಕೋಡ್ ಪುಸ್ತಕ ಅದೇ ವೇಗಕ್ಕೆ ಕೊಡುವ ಬ್ರೇಕ್ ದೂರ 14 ಮೀಟರ್. ಪಾಸ್ ಮಾರ್ಕು ಎಂದರೆ ಒಳ್ಳೆಯ ಬ್ರೇಕು ಎಂದಲ್ಲ, ಇದಕ್ಕಿಂತ ಕೆಟ್ಟದ್ದು ರಸ್ತೆಗೆ ಬರಬಾರದು ಎಂದು. ನಾವು ಓದುವಾಗ ನಮ್ಮಲ್ಲಿ 35 ಬಂದರೆ ಪಾಸು, ಆದರೆ ಅವನನ್ನು ಪಂಡಿತನೆಂದು ಯಾರೂ ಕರೆಯುತ್ತಿರಲಿಲ್ಲವಷ್ಟೆ.

ಪ್ರಯೋಗಾಲಯದಲ್ಲಿ ಯಾವ ಪರೀಕ್ಷೆಯನ್ನಾದರೂ ಎರಡು ಪ್ರಶ್ನೆ ಕೇಳುತ್ತೇವೆ. ಅದೇ ವಸ್ತುವನ್ನು ಇನ್ನೊಬ್ಬರು ಅಳೆದರೆ ಅದೇ ಉತ್ತರ ಬರುತ್ತದೆಯೆ? ನಾವು ತಿಳಿಯಬೇಕಾದದ್ದನ್ನೇ ಅದು ಅಳೆಯುತ್ತಿದೆಯೆ? ಮೊದಲನೆಯ ಪ್ರಶ್ನೆಯನ್ನು ಸರಕಾರವೂ ಕೇಳುತ್ತದೆ. ಪರೀಕ್ಷೆಯಾದ ಕೆಲವು ವಾಹನಗಳನ್ನು ಆರಿಸಿ ಅದರ ಇಲಾಖೆಯವರು ಮತ್ತೆ ಪರೀಕ್ಷಿಸುವ ಪದ್ಧತಿಯಿದೆ. ಇಬ್ಬರ ಉತ್ತರ ಯಾವಾಗಲೂ ಒಂದೇ ಆಗಿರುವುದಿಲ್ಲ. ಪಾಸಾಗಬಾರದ್ದು ಪಾಸಾಗಿದೆ ಎನಿಸಿದರೆ ನಾವೂ ದೂರು ಕೊಡಬಹುದು: ತುಕ್ಕಿನ ವಿಷಯವಾದರೆ 3 ತಿಂಗಳೊಳಗೆ, ಉಳಿದದ್ದಕ್ಕೆ 28 ದಿನದೊಳಗೆ. ನನ್ನ ತೊಂದರೆ ಎರಡನೆಯ ಪ್ರಶ್ನೆಯದು. ಪರೀಕ್ಷಕ ತನ್ನ ಕೆಲಸ ಸರಿಯಾಗಿ ಮಾಡಿದ್ದ. ಒಂದು ದಿನದ ಅಳತೆಯನ್ನು ವರ್ಷದ ಭರವಸೆಯೆಂದು ಓದಿಕೊಂಡವನು ನಾನು.

ಕಾನೂನೂ ಇದನ್ನೇ ಹೇಳುತ್ತದೆ. ಸರ್ಟಿಫಿಕೇಟ್ ಜೇಬಿನಲ್ಲಿದ್ದರೂ ಅಪಾಯದ ಸ್ಥಿತಿಯ ಗಾಡಿ ಓಡಿಸಿದರೆ 2,500 ಪೌಂಡಿನವರೆಗೆ ದಂಡ, 3 ಪಾಯಿಂಟು, ಲೈಸೆನ್ಸಿಗೂ ಕುತ್ತು.

ಊರಿನೊಂದಿಗೆ ಹೋಲಿಸಿದರೆ ತಮಾಷೆಯಾಗಿದೆ. ನಮ್ಮಲ್ಲಿ ಸ್ವಂತದ ಮೋಟಾರ್ ಸೈಕಲ್ಲಿನ ನೋಂದಣಿ 15 ವರ್ಷದ್ದು. ಅಲ್ಲಿಯವರೆಗೆ ಬ್ರೇಕನ್ನು ಯಾರೂ ಕೇಳುವುದಿಲ್ಲ. ನಂತರ ಆರ್.ಟಿ.ಓ. ಕಚೇರಿಗೆ ಐದು ವರ್ಷಕ್ಕೊಮ್ಮೆ ಹೋಗಬೇಕು. ಆದರೆ ಹೊಗೆ ತಪಾಸಣೆಯ ಚೀಟಿ ಮಾತ್ರ ಕಾಲಕಾಲಕ್ಕೆ ಬೇಕೇ ಬೇಕು. ಇಲ್ಲಿ ಮೂರನೆಯ ವರ್ಷದಿಂದ ಪ್ರತಿವರ್ಷ ಬ್ರೇಕು ನೋಡುತ್ತಾರೆ, ಮೋಟಾರ್ ಸೈಕಲ್ಲಿನ ಹೊಗೆಯನ್ನು ಎಂ.ಓ.ಟಿ.ಯಲ್ಲಿ ಯಂತ್ರವಿಟ್ಟು ಅಳೆಯುವುದಿಲ್ಲ. ಹೊಗೆಯ ಲೆಕ್ಕ ಬೇರೆ ಕಡೆ: 2023ರ ಆಗಸ್ಟ್ 29ರಿಂದ ಯೂಲೆಜ್ ವಲಯ ಲಂಡನ್ನಿನ ಎಲ್ಲ ಬರೋಗಳಿಗೂ ಹಬ್ಬಿ, ಮಟ್ಟ ಮುಟ್ಟದ ಗಾಡಿಗೆ ದಿನಕ್ಕೆ 12.50 ಪೌಂಡು ಬಿತ್ತು.

ಇನ್ನೊಂದು ವಿಷಯ. 2018ರ ಮೇ 20ರಿಂದ, 40 ವರ್ಷ ದಾಟಿ ದೊಡ್ಡ ಬದಲಾವಣೆಯಾಗದ ಗಾಡಿಗಳಿಗೆ ಎಂ.ಓ.ಟಿ. ಕಡ್ಡಾಯವಲ್ಲ. ಹಳೆಯ ಗಾಡಿಯವರು ಅಕ್ಕರೆಯಿಂದ ನೋಡಿಕೊಳ್ಳುತ್ತಾರೆಂಬ ನಂಬಿಕೆ. ಅಕ್ಕರೆ ನನಗೂ ಇತ್ತು, ಡ್ರಮ್ ಬಿಚ್ಚಿರಲಿಲ್ಲ. ಗಾಡಿಗೆ 40 ತುಂಬಿದರೂ ನಾನಂತೂ ಪರೀಕ್ಷೆಗೆ ಒಯ್ಯುತ್ತೇನೆ. ಹೆಚ್ಚೆಂದರೆ 29.65 ಪೌಂಡು. ಬೇರೆಯವರ ಎರಡು ಕಣ್ಣಿಗೆ ಅದು ದುಬಾರಿಯಲ್ಲ.

ಈಗ ನಮ್ಮ ಮನೆಯ ಪದ್ಧತಿ ಹೀಗಿದೆ. ಚಳಿಗಾಲಕ್ಕೆ ಮೊದಲು ಒಮ್ಮೆ, ಮುಗಿದ ಮೇಲೆ ಒಮ್ಮೆ ಎರಡೂ ಚಕ್ರ ಕಳಚಿ ಶೂಗಳ ಅಂಚಿನಲ್ಲಿ ಬಿಳಿ ಪುಡಿಯೋ ಬಿರುಕೋ ಇದೆಯೆ ಎಂದು ನೋಡುತ್ತೇನೆ. ಅನುಮಾನ ಬಂದರೆ ಹೊಸ ಶೂ. ಬ್ರೇಕ್ ಕೇಬಲ್ಲಿನ ಎರಡೂ ತುದಿ ನೋಡುತ್ತೇನೆ. ಒಂದು ಎಳೆ ತುಂಡಾಗಿದ್ದರೂ ಕೇಬಲ್ ಬದಲು. ಟೈರಿನ ಪಕ್ಕದ ನಾಲ್ಕು ಅಂಕಿ ಓದುತ್ತೇನೆ: ಮೊದಲೆರಡು ವಾರ, ಕೊನೆಯೆರಡು ವರ್ಷ. 1 ಮಿಲಿಮೀಟರ್ ಗೀರಿದ್ದರೆ ಕಾನೂನಿಗೆ ಸಾಕು, ಆದರೆ ರಬ್ಬರು ಗೀರು ಸವೆಯದೆಯೂ ಮುದಿಯಾಗುತ್ತದೆ. ಡಿಸ್ಕ್ ಬ್ರೇಕಿನವರು ಬ್ರೇಕಿನ ಎಣ್ಣೆಯನ್ನು ಎರಡು ವರ್ಷಕ್ಕೊಮ್ಮೆ ಬದಲಿಸಿ. ಡಾಟ್ 4 ಎಣ್ಣೆ ಗಾಳಿಯ ತೇವ ಹೀರುತ್ತದೆ. ಹೊಸದು ಕುದಿಯುವುದು ಕನಿಷ್ಠ 230 ಡಿಗ್ರಿಗೆ. ಶೇಕಡಾ 3.7ರಷ್ಟು ನೀರು ಸೇರಿದ ಮೇಲೆ ಅದು 155ಕ್ಕೇ ಇಳಿಯಬಹುದು. ಕೊಳ್ಳುವವರಿಗೆ ಒಂದು ಮಾತು: ನಂಬರು ಹಾಕಿದರೆ ಗಾಡಿಯ ಹಳೆಯ ಎಂ.ಓ.ಟಿ. ಚರಿತ್ರೆಯೆಲ್ಲ ಸರಕಾರದ ಜಾಲತಾಣದಲ್ಲಿ ಬಿಟ್ಟಿಯಾಗಿ ಸಿಗುತ್ತದೆ. ಪಾಸೋ ಫೇಲೋ ಎನ್ನುವುದಕ್ಕಿಂತ ಸಲಹೆಯ ಸಾಲುಗಳನ್ನು ಓದಿ.

ಈ ವರ್ಷದ ಪರೀಕ್ಷೆಯೂ ಮುಗಿಯಿತು. ಸರ್ಟಿಫಿಕೇಟ್ ಹಿಡಿದು ಒಳಗೆ ಬಂದೆ. "ರೀ, ಪಾಸಾಯಿತಾ?" ಎಂದು ಕೇಳುತ್ತಿದ್ದವಳು ಈ ಸಲ, "ರೀ, ಚಕ್ರ ಬಿಚ್ಚಿ ನೋಡಿದಿರಾ?" ಎಂದಳು. ನೋಡಿದ್ದೆ. ಮುಂದಿನ ಭಾನುವಾರ ಇಬ್ಬರೂ ಅದರಲ್ಲೇ ಸಂಘದ ಕಾರ್ಯಕ್ರಮಕ್ಕೆ ಬರುತ್ತೇವೆ.