ಬೀರುವಿನಲ್ಲಿ ಬಂಧಿಯಾದ ಚಾರಿಜಾರ್ಡ್

ಕಳೆದ ಬೇಸಿಗೆಯ ಒಂದು ಭಾನುವಾರ ಸೊಲಿಹಲ್ ಸಮೀಪದ ಕಾರ್ ಬೂಟ್ ಸೇಲಿಗೆ ಹೋಗಿದ್ದೆವು. ಕಾರಿನ ಡಿಕ್ಕಿ ತೆರೆದು ಜನರು ಮನೆಯ ಹಳೆಯ ವಸ್ತುಗಳನ್ನು ಮಾರುವ ಸಂತೆಯದು. ಒಂಬತ್ತು ವರ್ಷದ ಮಗ ಎರಡು ಪೌಂಡ್ ಕೊಟ್ಟು ಪೊಕೆಮಾನ್ ಕಾರ್ಡುಗಳ ಕಟ್ಟೊಂದನ್ನು ಕೊಂಡ. ಮನೆಗೆ ಬಂದು ಬಿಚ್ಚಿದರೆ, ಅದರೊಳಗೆ 1999ರ ಮೊದಲ ಇಂಗ್ಲಿಷ್ ಸರಣಿಯ ಚಾರಿಜಾರ್ಡ್! ಬೆಂಕಿ ಉಗುಳುವ ರೆಕ್ಕೆಯ ಪ್ರಾಣಿ.

1996ರಲ್ಲಿ ಜಪಾನಿನಲ್ಲಿ ಆರಂಭವಾದ ಈ ಆಟದಲ್ಲಿ ಅತಿ ಹೆಚ್ಚು ಬೇಡಿಕೆಯುಳ್ಳ ಕಾರ್ಡುಗಳಲ್ಲಿ ಇದೂ ಒಂದು. ಕಲೆಯಿಲ್ಲದ ಪ್ರತಿಗೆ ಸಂಗ್ರಾಹಕರು ಸಾವಿರಾರು ಪೌಂಡ್ ಕೊಡುತ್ತಾರೆ. ನಮ್ಮದರ ಅಂಚು ಸವೆದಿತ್ತು. ಆದರೂ ಪ್ಲಾಸ್ಟಿಕ್ ಕವಚ ತೊಡಿಸಿ, ಬೀರುವಿನಲ್ಲಿಟ್ಟು ಬೀಗ ಹಾಕಿದೆ. "ನಿನ್ನ ಕಾಲೇಜಿಗೆ ಆಗುತ್ತದೆ" ಎಂದೆ. ಮಗ ಮಾತನಾಡಲಿಲ್ಲ.

ಶಾಲಾ ವರ್ಷದ ನಡುವೆ ಮೈಸೂರಿನಿಂದ ಬಂದವನು ಅವನು. ಮೊದಲ ತಿಂಗಳುಗಳಲ್ಲಿ ಅವನಿಗೆ ಗೆಳೆಯರೇ ಇರಲಿಲ್ಲ. ಅವನನ್ನು ಕರೆದು ಕೂರಿಸಿ ಈ ಆಟ ಕಲಿಸಿದವನು ನೆರೆಮನೆಯ ಹುಡುಗ. ಅಂದಿನಿಂದ ಪ್ರತಿ ಶನಿವಾರ ನಮ್ಮ ಊಟದ ಮೇಜೇ ಅವರ ಕಣ.

ರಾತ್ರಿ ಮಗ ನನಗೆ ಆಟವನ್ನು ವಿವರಿಸಿದ. ಒಬ್ಬೊಬ್ಬರಿಗೆ 60 ಕಾರ್ಡು. ಚಾರಿಜಾರ್ಡನ್ನು ನೇರವಾಗಿ ಇಳಿಸುವಂತಿಲ್ಲ. ಮೊದಲು ಪುಟ್ಟ ಚಾರ್ಮಾಂಡರ್, ಅದರ ಮೇಲೆ ಚಾರ್ಮೀಲಿಯನ್, ಕೊನೆಗೆ ಇದು. ಇದು ದಾಳಿ ಮಾಡಬೇಕಾದರೆ ನಾಲ್ಕು ಎನರ್ಜಿ ಕಾರ್ಡು ಜೋಡಿಸಬೇಕು. ಪ್ರತಿ ದಾಳಿಗೂ ಎರಡನ್ನು ತ್ಯಜಿಸಬೇಕು. ಆ ಎನರ್ಜಿ ಕಾರ್ಡುಗಳಿಗೆ ಪೇಟೆಯಲ್ಲಿ ಬೆಲೆಯೇ ಇಲ್ಲ. "ಅದನ್ನು ಬೀರುವಿನಲ್ಲಿಟ್ಟರೆ ನನ್ನ ಚಾರ್ಮಾಂಡರ್ ಏನಾಗಿ ಬೆಳೆಯಬೇಕಪ್ಪಾ?" ಎಂದ.

ಮರುದಿನ ಮೈಸೂರಿನ ತಾಯಿಯೊಡನೆ ವಿಡಿಯೋ ಕರೆಯಲ್ಲಿದ್ದಾಗ, ಅವರ ಹಿಂದಿನ ಗೋಡೆಯಲ್ಲಿ ಚೌಕಟ್ಟಿನೊಳಗಿನ ನಾಲ್ಕು ದುಂಡನೆಯ ಗಂಜೀಫಾ ಎಲೆಗಳು ಕಂಡವು. ದಶಾವತಾರ ಗಂಜೀಫಾದಲ್ಲಿ ಅವತಾರಕ್ಕೆ 12ರಂತೆ 120 ಎಲೆಗಳು. ಮುಮ್ಮಡಿ ಕೃಷ್ಣರಾಜ ಒಡೆಯರು ಹೊಸ ಎಲೆಯಾಟಗಳನ್ನೇ ರೂಪಿಸಿ 'ಶ್ರೀತತ್ತ್ವನಿಧಿ'ಯಲ್ಲಿ ವರ್ಣಿಸಿದ್ದಾರೆ. ಅದನ್ನು ಆಡುವ ಬಗೆಯನ್ನು ತಾಯಿಯಲ್ಲಿ ಕೇಳಿದೆ. "ನನ್ನಜ್ಜ ಆಡುತ್ತಿದ್ದರಂತೆ. ನಾವು ಕೇಳಿಕೊಳ್ಳಲೇ ಇಲ್ಲ" ಎಂದರು. ನಾಲ್ಕು ಎಲೆಗಳನ್ನು ನಾವು ಜೋಪಾನವಾಗಿ ಉಳಿಸಿಕೊಂಡಿದ್ದೆವು, ಆಟವನ್ನು ಕಳೆದುಕೊಂಡಿದ್ದೆವು.

ಶನಿವಾರ ಬೀರುವಿನ ಬೀಗ ತೆಗೆದೆ.

ಮಕ್ಕಳೊಡನೆ ಇಲ್ಲಿಗೆ ಬರುವವರಿಗೆ ಒಂದು ಮಾತು: ಅದೃಷ್ಟ ಪರೀಕ್ಷೆಗೆಂದು ಪೊಟ್ಟಣದ ಮೇಲೆ ಪೊಟ್ಟಣ ಕೊಳ್ಳಬೇಡಿ. ಆಡಲು ಸಿದ್ಧವಾದ 60 ಕಾರ್ಡುಗಳ ಒಂದು ಕಟ್ಟು ಸಾಕು. ನಿಯಮಗಳನ್ನು ನೀವೂ ಕಲಿಯಿರಿ. ಸೊಲಿಹಲ್ ಗಡಿಯೊಳಗೇ ಇರುವ ಎನ್‌ಇಸಿಯಲ್ಲಿ ಪ್ರತಿವರ್ಷ ನಡೆಯುವ ಯುಕೆ ಗೇಮ್ಸ್ ಎಕ್ಸ್‌ಪೋಗೆ ಹೋದರೆ, ನರೆತ ತಲೆಯವರೂ ಮಕ್ಕಳೆದುರು ಕುಳಿತು ಆಡುವುದನ್ನು ಕಾಣುವಿರಿ.

ಅಂದಿನ ಆಟದಲ್ಲಿ ಚಾರಿಜಾರ್ಡ್ ಕಣಕ್ಕಿಳಿಯಿತು. ಒಂದೇ ಒಂದು ಬಾರಿ ಬೆಂಕಿ ಉಗುಳಿತು. ಬೆಂಕಿಗೆ ನೀರು ವೈರಿ. ನೆರೆಮನೆಯ ಹುಡುಗನ ಸಾಧಾರಣ ನೀರಿನ ಕಾರ್ಡೊಂದು ಅದನ್ನು ಉರುಳಿಸಿತು. ಇಬ್ಬರೂ ಬಿದ್ದು ಬಿದ್ದು ನಕ್ಕರು. ಮರುಕ್ಷಣವೇ ಕಾರ್ಡುಗಳನ್ನು ಮತ್ತೆ ಕಲೆಸತೊಡಗಿದರು.