ಗುಳೆ ಹೋದ ಮನೆಗೂ ಲಸಿಕೆ

ಭಾರತದಲ್ಲಿ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮ 1985ರಲ್ಲಿ ಶುರುವಾಯಿತು. ಲಸಿಕೆ ಉಚಿತವಾಗಿ ಸಿಕ್ಕರೂ ಎಲ್ಲ ಮಕ್ಕಳಿಗೂ ಅದು ದಕ್ಕಲಿಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಕರ್ನಾಟಕದಲ್ಲಿ ಪೂರ್ಣ ಲಸಿಕೆ ಪಡೆದ 12ರಿಂದ 23 ತಿಂಗಳ ಮಕ್ಕಳ ಪ್ರಮಾಣ 1998–99ರಲ್ಲಿ ಶೇ 60ರಷ್ಟಿತ್ತು. 2005–06ರಲ್ಲಿ ಅದು ಶೇ 55ಕ್ಕೆ ಕುಸಿಯಿತು.

ರಾಜ್ಯದ ಸರಾಸರಿಯಲ್ಲಿ ತಾಲ್ಲೂಕುಗಳ ಸ್ಥಿತಿ ಕಾಣುವುದಿಲ್ಲ. ಗುಲ್ಬರ್ಗಾ ಜಿಲ್ಲೆಯಿಂದ ಯಾದಗಿರಿ, ಶಹಾಪುರ, ಸುರಪುರ ತಾಲ್ಲೂಕುಗಳು ಬೇರೆಯಾಗಿ 2010ರ ಹೊತ್ತಿಗೆ ಯಾದಗಿರಿ ಜಿಲ್ಲೆಯಾದ ಮೇಲೆ ಇಲ್ಲಿನ ಕೊರತೆಯ ಲೆಕ್ಕ ಪ್ರತ್ಯೇಕವಾಗಿ ಸಿಗತೊಡಗಿತು. ಮಳೆಯಾಶ್ರಿತ ಹೊಲಗಳ ಕೂಲಿಕಾರರು, ತಾಂಡಾಗಳ ಕುಟುಂಬಗಳು ಸುಗ್ಗಿ ಮುಗಿದೊಡನೆ ಬೆಂಗಳೂರು, ಮುಂಬೈ, ಪುಣೆಗೆ ಗುಳೆ ಹೋಗುತ್ತವೆ. ಆರು, ಹತ್ತು, ಹದಿನಾಲ್ಕನೇ ವಾರದ ಲಸಿಕೆಗಳ ಸರಣಿ ಅಲ್ಲೇ ಕಡಿಯುತ್ತದೆ. ಚುಚ್ಚುಮದ್ದಿನ ಮರುದಿನ ಬರುವ ಜ್ವರಕ್ಕೆ ಹೆದರಿ ಮುಂದಿನ ಸರದಿಗೆ ಬಾರದವರೂ ಇದ್ದಾರೆ.

2014ರ ಡಿಸೆಂಬರ್‌ನಲ್ಲಿ ಘೋಷಣೆಯಾದ ಇಂದ್ರಧನುಷ್ ಅಭಿಯಾನ ಈ ಕೊರತೆಯನ್ನೇ ಗುರಿಯಾಗಿಸಿಕೊಂಡಿತು. ದೇಶದ 201 ಜಿಲ್ಲೆಗಳ ಮೊದಲ ಹಂತದಲ್ಲೇ ಯಾದಗಿರಿ ಸೇರಿತ್ತು. ಆಶಾ ಕಾರ್ಯಕರ್ತೆಯರು ಮನೆಮನೆಯ ಪಟ್ಟಿ ಮಾಡಿದರು. ಇಟ್ಟಿಗೆ ಭಟ್ಟಿ, ಕಟ್ಟಡ ಕಾಮಗಾರಿಯಂಥ ಜಾಗಗಳೂ ಲಸಿಕಾ ತಾಣಗಳಾದವು.

2017ರ ಫೆಬ್ರುವರಿಯಲ್ಲಿ ದಡಾರ–ರುಬೆಲ್ಲಾ ಅಭಿಯಾನ ಬೆಂಗಳೂರಿನಿಂದ ಆರಂಭವಾದಾಗ ವಾಟ್ಸ್‌ಆ್ಯಪ್ ವದಂತಿಗಳು ಹಲವು ಪೋಷಕರನ್ನು ಹಿಂಜರಿಯುವಂತೆ ಮಾಡಿದವು. ದಡಾರ ಹರಡದಿರಲು ಶೇ 95ರಷ್ಟು ಮಕ್ಕಳಿಗೆ ಎರಡೂ ಡೋಸ್ ಆಗಿರಬೇಕು. ಹಾಗಾಗಿ ಊರಿನ ಕೆಲವೇ ಮನೆಗಳು ಹಿಂದೆ ಸರಿದರೂ ಅಪಾಯ ಎಲ್ಲರದು. 2018ರಲ್ಲಿ ನೀತಿ ಆಯೋಗ ರಾಯಚೂರಿನೊಂದಿಗೆ ಯಾದಗಿರಿಯನ್ನೂ ಹಿಂದುಳಿದ ಜಿಲ್ಲೆಗಳ ಸುಧಾರಣೆಗಾಗಿನ ‘ಮಹತ್ವಾಕಾಂಕ್ಷಿ ಜಿಲ್ಲೆ’ ಕಾರ್ಯಕ್ರಮಕ್ಕೆ ಆರಿಸಿತು. ಲಸಿಕೆಯ ಪ್ರಗತಿಯೂ ಅದರ ಅಳತೆಗೋಲುಗಳಲ್ಲಿ ಒಂದಾಯಿತು.

2015–16ರಲ್ಲಿ ಶೇ 62.6 ಇದ್ದ ರಾಜ್ಯದ ಪೂರ್ಣ ಲಸಿಕೆಯ ಪ್ರಮಾಣ 2019–20ರ ಸಮೀಕ್ಷೆಯಲ್ಲಿ ಶೇ 84.1ಕ್ಕೆ ಏರಿತು. ಬಳಿಕ ಬಂದ ಕೋವಿಡ್ ದೇಶದೆಲ್ಲೆಡೆ ಮಕ್ಕಳ ಲಸಿಕೆಗೆ ಪೆಟ್ಟು ಕೊಟ್ಟಿತು: 2021ರಲ್ಲಿ ಭಾರತದಲ್ಲಿ ಒಂದೂ ಡೋಸ್ ಸಿಗದ ಶಿಶುಗಳು ಸುಮಾರು 27 ಲಕ್ಷವೆಂದು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ಅಂದಾಜಿಸಿದವು. 2023ರಲ್ಲಿ ಇಂದ್ರಧನುಷ್ ಮತ್ತೆ ಮೂರು ಸುತ್ತು ನಡೆಯಿತು. ಯು-ವಿನ್ ಎಂಬ ಆನ್‌ಲೈನ್ ನೋಂದಣಿಯಿಂದ ಒಂದೂರಿನ ಮಗುವಿನ ಲಸಿಕೆ ವಿವರವನ್ನು ಇನ್ನೊಂದೂರಿನಲ್ಲೂ ನೋಡಲು ಸಾಧ್ಯವಾಗಿದೆ.

ಗುಳೆ ಹೊರಡುವವರು ಲಸಿಕೆಯ ವಿವರ ಬರೆದಿರುವ ತಾಯಿ ಕಾರ್ಡನ್ನು ಮರೆಯದೆ ಜತೆಗೊಯ್ಯಬೇಕು. ಡೋಸ್ ತಪ್ಪಿದರೆ ಮೊದಲಿನಿಂದ ಶುರು ಮಾಡಬೇಕಿಲ್ಲ, ನಿಂತಲ್ಲಿಂದ ಮುಂದುವರಿಸಿದರೆ ಸಾಕು. ಯಾವ ಊರಿನ ಸರ್ಕಾರಿ ಆರೋಗ್ಯ ಕೇಂದ್ರದಲ್ಲಾದರೂ ಲಸಿಕೆ ಉಚಿತ.